ನಮ್ಮ ಜೀಪಿನ ದೃಷ್ಟಿದೋಷ

ನಮ್ಮದು ಫೋರ್ ವೀಲ್ ಜೀಪು. ಅದರ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತದೆ, ಎರಡು ಕಣ್ಣಿಗೆ ಮಾತ್ರ ಹೋಗುತ್ತಿರಲಿಲ್ಲ. ಗದ್ದೆಯಲ್ಲಿ ಹೂತ ಟ್ರ್ಯಾಕ್ಟರನ್ನು ಎಳೆದು ದಡಕ್ಕೆ ಹಾಕುವ ಈ ಗಟ್ಟಿಗ, ಸಂಜೆ ಏಳಾಯಿತೆಂದರೆ ಲೈಟು ಹಾಕಿದ್ದೇನೋ ಇಲ್ಲವೋ ಎಂದು ಇಳಿದು ನೋಡುವ ಹಾಗೆ ಮಾಡುತ್ತಿತ್ತು. ನಾವಿರುವುದು ಮೂಡಿಗೆರೆ ಸೀಮೆ. ಮಳೆ ಬಿಟ್ಟರೆ ಮಂಜು, ಮಂಜು ಬಿಟ್ಟರೆ ಮಳೆ.

"ರೀ, ಎಡಗಡೆ ಮಡ್‌ಗಾರ್ಡಿಗೆ ಒಂದು ಕೊಡಿ, ಉರಿಯತ್ತೆ" ಎಂದಳು ಹೆಂಡತಿ. ತಾನೇ ಇಳಿದು ಅಂಗೈಯಿಂದ ಒಂದು ಬಡಿದಳು ಕೂಡ. ದೀಪ ಒಮ್ಮೆ ಝಗ್ಗೆಂದು ಮತ್ತೆ ಮಂಕಾಯಿತು. "ಇದೇನು ನಿಮ್ಮಪ್ಪನ ಮನೆ ರೇಡಿಯೊನಾ? ಹೆಡ್‌ಲೈಟಿಗೆ ಒಂದು ವಿಜ್ಞಾನ ಇದೆ" ಎಂದೆ. ಆ ವಿಜ್ಞಾನಕ್ಕೆ ಮುಂದಿನ ಆರು ತಿಂಗಳಲ್ಲಿ ತಗುಲಿದ ಖರ್ಚು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಅವಳ ಅಕ್ಷರದಲ್ಲಿದೆ.

ಮೊದಲು ಹೊಸ ಎಚ್4 ಹ್ಯಾಲೋಜನ್ ಬಲ್ಬು ತಂದೆ. ಒಂದೇ ಬುರುಡೆಯೊಳಗೆ ಎರಡು ತಂತಿ. ಹೈ ಬೀಮಿಗೆ 60 ವಾಟ್, ಡಿಪ್ಪಿಗೆ 55. ಅಂಗಡಿಯ ಹುಡುಗ ಒಂದೇ ಮಾತು ಹೇಳಿದ್ದ: "ಗಾಜು ಮಾತ್ರ ಮುಟ್ಟಬೇಡಿ ಸಾರ್." ಅವನು ಹೇಳುವಾಗ ನಾನು ಬೆಲೆ ಚೌಕಾಸಿಯಲ್ಲಿದ್ದೆ. ಮನೆಗೆ ಬಂದು, ಬೆಣ್ಣೆ ಹಚ್ಚಿದ ಅಕ್ಕಿರೊಟ್ಟಿ ತಿಂದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಬಲ್ಬನ್ನು ಮಗುವಿನ ಕೆನ್ನೆ ಹಿಡಿದ ಹಾಗೆ ಹಿಡಿದು ಕೂರಿಸಿದೆ. ಬೆರಳಿನ ಜಿಡ್ಡು ಗಾಜಿಗೆ ಅಂಟಿದರೆ ಆ ಜಾಗ ಮಾತ್ರ ವಿಪರೀತ ಕಾದು ಬಲ್ಬಿನ ಆಯಸ್ಸು ಮುಗಿಯುತ್ತದಂತೆ. ನಮ್ಮದು ಹನ್ನೊಂದನೇ ದಿನಕ್ಕೆ ತೀರಿಕೊಂಡಿತು. "ವೈಕುಂಠಕ್ಕೆ ವಡೆ ಮಾಡ್ಲಾ?" ಎಂದು ಕೇಳಿದಳು.

ಈ ಅವಮಾನ ತೀರಿಸಿಕೊಳ್ಳಲು 100/90 ವಾಟಿನ ಜೋಡಿ ತಂದೆ. 12 ವೋಲ್ಟಿನಲ್ಲಿ 60 ವಾಟಿನ ಬಲ್ಬು ಐದು ಆಂಪಿಯರ್ ಎಳೆದರೆ, ನೂರರದು ಎಂಟಕ್ಕೂ ಹೆಚ್ಚು ಎಳೆಯುತ್ತದೆ. ಎರಡೂ ಸೇರಿ ಹದಿನಾರು ದಾಟುತ್ತದೆ. ಅಷ್ಟು ಕರೆಂಟು ಹೊರುವುದಕ್ಕೆ ದಪ್ಪ ವೈರು, ರಿಲೇ ಬೇಕು. ನನ್ನಲ್ಲಿದ್ದದ್ದು ಉತ್ಸಾಹ ಮಾತ್ರ. ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಸೀದ ವಾಸನೆ ಬಂತು. "ಸಾರು ಒಲೆ ಮೇಲೇ ಬಿಟ್ಟು ಬಂದಿದ್ದೀಯ ನೋಡು" ಎಂದೆ. ಮೂರು ಕಿಲೋಮೀಟರ್ ಆಚೆಯ ಸಾರಿನ ವಾಸನೆ ಇಲ್ಲಿಗೆ ಹೇಗೆ ಬರುತ್ತದೆಂದು ಅವಳು ಕೇಳುವ ಮೊದಲೇ ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಹೊಗೆ ಎದ್ದಿತು.

ಆಮೇಲೆ ಬೆಂಗಳೂರಿನ ಭಾವಮೈದ ಬಂದ. "ಭಾವ, ಇನ್ನೂ ಹ್ಯಾಲೋಜನ್ನಾ!" ಎಂದು ನಕ್ಕು 6500 ಕೆಲ್ವಿನ್ನಿನ ಎಲ್‌ಇಡಿ ತರಿಸಿಕೊಟ್ಟ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಲೆಕ್ಕವೇ ಹೊರತು ಬೆಳಕು ಎಷ್ಟು ಎಂಬುದರದಲ್ಲ. ಹ್ಯಾಲೋಜನ್ನಿನ ಹಳದಿ ಬೆಳಕು ಸುಮಾರು 3200. ನಾನು ಮಾತ್ರ ಸಂಬಳದ ಹಾಗೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡೆ. ಹ್ಯಾಲೋಜನ್ನಿನಲ್ಲಿ ಡಿಪ್ಪಿನ ತಂತಿಯ ಕೆಳಗೊಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಎದುರಿನವನ ಕಣ್ಣಿಗೆ ರಾಚದ ಹಾಗೆ ಬೆಳಕನ್ನು ತಡೆಯುವುದು ಅದೇ. ನಮ್ಮ ಹಳೇ ಡೂಮು ಲೆಕ್ಕ ಹಾಕಿದ್ದು ಆ ಬಟ್ಟಲನ್ನು, ಆ ತಂತಿಯನ್ನು ನಂಬಿಕೊಂಡು. ಹೊಸ ಅತಿಥಿಯ ಬೆಳಕನ್ನು ಅದು ಹಲಸಿನ ಮರಕ್ಕೆ, ಆಕಾಶಕ್ಕೆ, ಎದುರು ಬರುವವರ ಮುಖಕ್ಕೆ ಹಂಚಿತು. ರಸ್ತೆಗೆ ಉಳಿದದ್ದು ಕಡಿಮೆ.

ಉಜಿರೆಯಲ್ಲಿ ಮದುವೆ ಊಟ ಮುಗಿಸಿ ಚಾರ್ಮಾಡಿ ಘಾಟಿ ಹತ್ತುವಾಗ ಕತ್ತಲೆಯ ಜೊತೆಗೆ ಮಂಜೂ ಇಳಿಯಿತು. ಎಲ್‌ಇಡಿ ಹಾಕಿದೆ. ಎದುರಿಗೆ ಈಗಷ್ಟೇ ಸುಣ್ಣ ಬಳಿದ ಗೋಡೆ. ಹೈ ಬೀಮ್ ಹಾಕಿದೆ. ಗೋಡೆಗೆ ಎರಡನೇ ಕೋಟು. ಕೊನೆಗೆ ಹೆಂಡತಿ ರೇಷ್ಮೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬ್ಯಾಟರಿ ಹಿಡಿದು ಇಳಿದಳು. ಬ್ಯಾಟರಿಯನ್ನು ಮೊಣಕಾಲಿನ ಮಟ್ಟಕ್ಕೆ ತಗ್ಗಿಸಿ ನಡೆದಳು. ನೆಲಕ್ಕೆ ಹತ್ತಿರವಿದ್ದ ಬೆಳಕು ಮಂಜಿನಿಂದ ತಿರುಗಿ ಕಣ್ಣಿಗೆ ಹೊಡೆಯಲಿಲ್ಲ, ರಸ್ತೆಯಂಚಿನ ಬಿಳಿ ಗೆರೆ ಕಂಡಿತು. ಫಾಗ್ ಲ್ಯಾಂಪನ್ನು ಬಂಪರಿನ ಮಟ್ಟಕ್ಕೆ ಇಳಿಸಿ ಕಟ್ಟುವುದೂ ಇದಕ್ಕೇ. ನಾನು ಫಸ್ಟ್ ಗೇರಿನಲ್ಲಿ ಅವಳ ಹಿಂದೆ. ಎದುರು ಬಂದ ಬಸ್ಸಿನ ಡ್ರೈವರು ನಿಲ್ಲಿಸಿ ಕೇಳಿದ: "ಸ್ವಾಮಿ, ಇದು ದಿಬ್ಬಣವಾ, ಶೂಟಿಂಗಾ?"

ಎಲ್‌ಇಡಿ ಕಿತ್ತು, ಮತ್ತೆ 60/55 ಹಾಕಿ (ಈ ಸಲ ಕಾಗದದಲ್ಲಿ ಹಿಡಿದು), ತಪ್ಪು ಗುರಿಯಲ್ಲಿದೆ ಎಂದು ತೀರ್ಮಾನಿಸಿದೆ. ಗೋಡೆಯಿಂದ 25 ಅಡಿ ದೂರಕ್ಕೆ ಜೀಪು ನಿಲ್ಲಿಸಿ, ಇದ್ದಿಲಿನಿಂದ ಗೆರೆ ಎಳೆದು, ಸ್ಕ್ರೂ ತಿರುಗಿಸಿ ಕರಾರುವಾಕ್ಕಾಗಿ ಹೊಂದಿಸಿದೆ. ಗೋಡೆಗೆ ದೀಪಾವಳಿಯ ಬಣ್ಣ ಬಳಿದು ವಾರವಾಗಿತ್ತು. ಆ ಬಗ್ಗೆ ಇಲ್ಲಿ ಬೇಡ. ಮರುದಿನ ಹಿಂದೆ ಕಾಫಿ ಮೂಟೆ ಹೇರಿದೆ, ಜೀಪಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ದಾರಿಯುದ್ದಕ್ಕೂ ಮರದ ತುದಿಯಲ್ಲಿ ಹಾರುಬೆಕ್ಕುಗಳು ಸ್ಪಷ್ಟವಾಗಿ ಕಂಡವು.

ಕೊನೆಗೆ ಪೇಟೆಯ ಹಳೇ ಎಲೆಕ್ಟ್ರಿಷಿಯನ್ ಸಾಬರನ್ನು ಮನೆಗೇ ಕರೆಸಿದೆ. ಅವರು ಎಂಜಿನ್ ಚಾಲೂ ಮಾಡಿಸಿ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್. ಬಲ್ಬಿನ ಬಾಯಲ್ಲಿ 11.2. ಇಷ್ಟು ವೋಲ್ಟ್ ಸೋರಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದಂತೆ. ಅರ್ಧ ಬೆಳಕು ದಾರಿಯಲ್ಲೇ ಕಳುವಾಗುತ್ತಿತ್ತು, ನಾನು ಆರು ತಿಂಗಳಿಂದ ಬಲ್ಬನ್ನು ಬೈಯುತ್ತಿದ್ದೆ. ಸಾಬರು ಯೋಚಿಸಿ, ಎಡಗಡೆ ಮಡ್‌ಗಾರ್ಡಿಗೆ ಅಂಗೈಯಿಂದ ಒಂದು ಬಡಿದರು. ದೀಪ ಝಗ್ಗೆಂದಿತು. ಅಡುಗೆಮನೆ ಕಿಟಕಿಯಲ್ಲಿ ಸೌಟಿನ ಸದ್ದು ನಿಂತಿತು.

"ಅರ್ತ್ ಆಗಿಲ್ಲ ಸಾರ್" ಎಂದರು.

"ಹೇಳಿದ್ದೆಲ್ಲ ಅರ್ಥ ಆಗಿದೆ, ಮುಂದೆ ಹೇಳಿ."

"ನಿಮಗಲ್ಲ ಸಾರ್, ಜೀಪಿಗೆ. ಅರ್ತ್ ವೈರು."

ಮಡ್‌ಗಾರ್ಡಿಗೆ ಅರ್ತ್ ವೈರು ಬಿಗಿದಿದ್ದ ಬೋಲ್ಟು ತುಕ್ಕಿನ ಉಂಡೆಯಾಗಿತ್ತು. ಮರಳು ಕಾಗದದಿಂದ ಉಜ್ಜಿ, ಹೊಸ ವೈರು ಕೊಟ್ಟು, ಮೇಲೆ ಗ್ರೀಸು ಸವರಿ 200 ರೂಪಾಯಿ ತೆಗೆದುಕೊಂಡರು. ಕತ್ತಲಾದ ಮೇಲೆ ಲೈಟು ಹಾಕಿದರೆ ಗೇಟಿನಾಚೆಯ ಸಿಲ್ವರ್ ಮರಗಳ ತೊಗಟೆಯೂ ಎಣಿಸುವ ಹಾಗೆ ಕಂಡಿತು. ಹೆಂಡತಿ ಸಾಬರಿಗೆ ದೊಡ್ಡ ಲೋಟದಲ್ಲಿ ಕಾಫಿ ತಂದಳು. ನನಗೂ ಒಂದಿತ್ತು, ಸಣ್ಣದು.

"ಅರ್ತ್ ಆಗಿರಲಿಲ್ಲವಂತೆ ಕಣೇ" ಎಂದೆ.

"ಈಗಾದ್ರೂ ಆಯ್ತಾ?" ಎಂದಳು, ಜೀಪಿನ ಕಡೆ ತಿರುಗಿಯೂ ನೋಡದೆ.