ಹಡಗು ಹೋದ ಮೇಲಿನ ತಿದ್ದುಪಡಿ

ಸರಕು ಏನು, ಎಷ್ಟು, ಯಾವ ದೇಶಕ್ಕೆ, ಯಾವ ಇನ್ವಾಯ್ಸ್ ಮೇಲೆ ಹೊರಟಿದೆ, ಸರ್ಕಾರದಿಂದ ಯಾವ ಸವಲತ್ತು ಬೇಕು ಎಂಬುದನ್ನೆಲ್ಲ ರಫ್ತುದಾರ ಕಸ್ಟಮ್ಸ್‌ಗೆ ಘೋಷಿಸುವ ದಾಖಲೆ ಶಿಪ್ಪಿಂಗ್ ಬಿಲ್. ಸರಕು ಇನ್ನೂ ಇಲ್ಲೇ ಇರುವಾಗ ಅದರಲ್ಲಿ ಕಂಡ ತಪ್ಪು ಬರೀ ತಪ್ಪು. ಹಡಗು ಹೊರಟ ಮೇಲೆ ಕಂಡರೆ ಅದೊಂದು ಫೈಲು.

ತಿದ್ದುವುದಕ್ಕೆ 1962ರ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಸರಕು ದೇಶ ಬಿಟ್ಟಿದ್ದರೆ, ರಫ್ತಾಗುವ ಹೊತ್ತಿಗೇ ಇದ್ದ ದಾಖಲೆಯ ಆಧಾರ ಬೇಕು. ಅಂದರೆ ಸಾಕ್ಷಿ ಹಡಗಿನ ಪಯಣಕ್ಕಿಂತ ವಯಸ್ಸಿನಲ್ಲಿ ಹಿರಿಯನಾಗಿರಬೇಕು. ಕರ್ನಾಟಕದಿಂದ ಉಪ್ಪುನೀರಿನ ಡ್ರಮ್ಮುಗಳಲ್ಲಿ ಹೊರದೇಶಕ್ಕೆ ಹೋಗುವ ಮಿಡಿಸೌತೆಯನ್ನೇ ತೆಗೆದುಕೊಳ್ಳಿ. ಶಿಪ್ಪಿಂಗ್ ಬಿಲ್ಲಿನಲ್ಲಿ 240 ಡ್ರಮ್ಮು ಎಂದಿರಬೇಕಾದಲ್ಲಿ 204 ಎಂದು ಬಿದ್ದಿದೆ. ‘240 ಬಂದಿದೆ, ರುಚಿಯೂ ಚೆನ್ನಾಗಿದೆ’ ಎಂದು ಖರೀದಿದಾರ ಆಮೇಲೆ ಎಷ್ಟು ಪ್ರೀತಿಯಿಂದ ಬರೆದುಕೊಟ್ಟರೂ ಆ ಪತ್ರಕ್ಕೆ ಬೆಲೆಯಿಲ್ಲ. ಹೊರಡುವ ಮುಂಚೆಯೇ ತಯಾರಾಗಿದ್ದ ಪ್ಯಾಕಿಂಗ್ ಲಿಸ್ಟು, ಆರ್ಡರಿನ ಪ್ರತಿ, ತೂಕದ ಚೀಟಿ ಇದ್ದರೆ ಮಾತು ಮುಂದುವರಿಯುತ್ತದೆ. ಡ್ರಮ್ಮುಗಳನ್ನೇ ಮತ್ತೆ ಎಣಿಸೋಣವೆಂದರೆ, ಅಷ್ಟರಲ್ಲಿ ಸಾಕ್ಷ್ಯವನ್ನು ಪರದೇಶದವರು ಬರ್ಗರಿನಲ್ಲಿಟ್ಟು ತಿಂದಿರುತ್ತಾರೆ.

ಐಜಿಎಸ್‌ಟಿ ಕಟ್ಟಿ ರಫ್ತು ಮಾಡಿದವರಿಗೆ ಶಿಪ್ಪಿಂಗ್ ಬಿಲ್ಲೇ ರಿಫಂಡಿನ ಅರ್ಜಿಯೂ ಹೌದು. ಇಲ್ಲಿ ಕಂಪ್ಯೂಟರಿನದೇ ಕಾರುಬಾರು. ಜಿಎಸ್‌ಟಿ ರಿಟರ್ನಿನಲ್ಲಿ ಇನ್ವಾಯ್ಸ್ ನಂಬರು 045 ಎಂದೂ ಶಿಪ್ಪಿಂಗ್ ಬಿಲ್ಲಿನಲ್ಲಿ 45 ಎಂದೂ ಇದ್ದರೆ ಮನುಷ್ಯನಿಗೆ ಎರಡೂ ಒಂದೇ. ಸೊನ್ನೆಗೆ ಬೆಲೆಯಿಲ್ಲವೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಅದು ‘ಎಸ್‌ಬಿ005’ ಎಂಬ ದೋಷಸಂಕೇತ ಹೇಳಿ ಸುಮ್ಮನಾಗುತ್ತದೆ, ರಿಫಂಡೂ ಸುಮ್ಮನಾಗುತ್ತದೆ. ತಪ್ಪು ರಿಟರ್ನಿನದಾದರೆ ಅಲ್ಲೇ ತಿದ್ದಬೇಕು, ಕಸ್ಟಮ್ಸ್ ಕೌಂಟರಿನಲ್ಲಿ ನಿಂತು ಪ್ರಯೋಜನವಿಲ್ಲ.

ಹಡಗಿನವರು ಸಲ್ಲಿಸುವ ಇಜಿಎಂ ಎಂಬ ಸರಕುಪಟ್ಟಿಯ ದೋಷ ಇನ್ನೂ ಸ್ವಾರಸ್ಯದ್ದು. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದಲ್ಲಿ ಅಪ್ಪಣೆ ಪಡೆದ ಕಂಟೇನರು ಚೆನ್ನೈ ಬಂದರಿನಲ್ಲಿ ಹಡಗು ಹತ್ತಿದರೆ ಎರಡೂ ಕಡೆಯ ಲೆಕ್ಕ ತಾಳೆಯಾಗಬೇಕು. ಆಗದಿದ್ದರೆ ತಿದ್ದಬೇಕಾದವರು ಶಿಪ್ಪಿಂಗ್ ಲೈನಿನವರು. ರಿಫಂಡಿನ ದುಡ್ಡು ನಿಂತಿರುವುದು ಮಾತ್ರ ರಫ್ತುದಾರನದು. ಅವನ ಪಾಲಿಗೆ ಉಳಿಯುವುದು ಫೋನ್ ಮಾಡುವ ಕೆಲಸ.

ಶಿಪ್ಪಿಂಗ್ ಬಿಲ್ಲಿನಲ್ಲಿ ಸವಲತ್ತಿನ ಒಂದು ಯೋಜನೆಯ ಹೆಸರು ಹಾಕಿ, ಆಮೇಲೆ ಇನ್ನೊಂದಕ್ಕೆ ಬದಲಿಸಿಕೊಳ್ಳುವವರಿಗೆ ನಿಯಮಾವಳಿ ಒಂದು ವರ್ಷದ ಗಡುವು ಇಟ್ಟಿದೆ. ಮೇಲಧಿಕಾರಿಗಳು ಮನಸ್ಸು ಮಾಡಿದರೆ ಸ್ವಲ್ಪ ಹಿಗ್ಗುತ್ತದೆ. 2025ರ ಹಣಕಾಸು ಕಾಯ್ದೆ ಕಸ್ಟಮ್ಸ್ ಕಾಯ್ದೆಗೆ 18ಎ ಸೆಕ್ಷನ್ ಸೇರಿಸಿ, ಸರಕು ಹೋದ ಮೇಲೂ ತಪ್ಪನ್ನು ತಾನಾಗಿ ಸರಿಪಡಿಸಿಕೊಳ್ಳುವ ದಾರಿಯನ್ನು ತೆರೆದಿದೆ.

ಇಷ್ಟೆಲ್ಲಕ್ಕೂ ಮುಂಚೆ ರಫ್ತುದಾರನ ಪರವಾಗಿ ಬಿಲ್ ಸಲ್ಲಿಸುವ ಕಸ್ಟಮ್ಸ್ ಬ್ರೋಕರು, ಅಂದರೆ ಹಳಬರ ಬಾಯಲ್ಲಿ ಇನ್ನೂ ಸಿಎಚ್‌ಎ, ಬಿಲ್ಲಿನ ಕರಡಾದ ಒಂದು ಚೆಕ್‌ಲಿಸ್ಟ್ ಕಳಿಸಿರುತ್ತಾರೆ. ಅದಕ್ಕೆ ವಾಟ್ಸ್‌ಆಪಿನಲ್ಲಿ ಹೆಬ್ಬೆರಳು ಎತ್ತುವ ಮುನ್ನ ಇನ್ವಾಯ್ಸನ್ನು ಪಕ್ಕದಲ್ಲಿಟ್ಟುಕೊಂಡು ದಯವಿಟ್ಟು ಒಮ್ಮೆ ಓದಿ.