ಮುಡಿಯ ಮೇಲಿನ ನೌಕಾಪಡೆ: ಒಂದು ವಿದ್ವತ್ಪೂರ್ಣ ವಿವೇಚನೆ

ಹದಿನೆಂಟನೆಯ ಶತಮಾನದ ಫ್ರೆಂಚ್ ಹೆಂಗಸರ ಬಗ್ಗೆ ಸಲ್ಲದ ಊಹಾಪೋಹಗಳು ಹಬ್ಬಿವೆ. ಪತ್ರ, ದಿನಚರಿ, ಲೆಕ್ಕದ ಪುಸ್ತಕಗಳಂಥ ನೆಚ್ಚಲಾಗದ ಆಕರಗಳನ್ನು ಹಿಡಿದು ಹೊರಟವರ ಅವಾಂತರವಿದು. ನಾವಾದರೋ ‘ಗಾಲರಿ ದೆ ಮೋದ್’ ಎಂಬ ಉಡುಗೆತೊಡುಗೆಯ ಪಟಮಾಲೆಯೊಂದನ್ನೇ ಪ್ರಮಾಣವೆಂದು ಸ್ವೀಕರಿಸಿದ್ದೇವೆ. ಪ್ಯಾರಿಸ್ಸಿನ ಸ್ಯಾಂ ಜಾಕ್ ಬೀದಿಯ ಎಸ್ನೋ ಮತ್ತು ರಾಪಿಯಿ ಎಂಬ ಪಟದ ವ್ಯಾಪಾರಿಗಳು 1778ರಿಂದ 1787ರವರೆಗೆ ಇದನ್ನು ಕಂತುಕಂತಾಗಿ ಹೊರತಂದರು. ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚೊತ್ತಿ, ಕೈಯಿಂದ ಬಣ್ಣ ತುಂಬಿದ 400ಕ್ಕೂ ಹೆಚ್ಚು ಪಟಗಳು. ಮಾರಾಟಕ್ಕೆಂದೇ ಮಾಡಿದವಾದ್ದರಿಂದ ಇವುಗಳಲ್ಲಿ ಸುಳ್ಳಿಗೆ ಆಸ್ಪದವಿಲ್ಲ.

ಮೊದಲಿಗೆ ಶರೀರಶಾಸ್ತ್ರ. ಈ ಹೆಂಗಸರ ಸೊಂಟ ಹಿಡಿಯಷ್ಟು. ತಿಂದ ಅನ್ನ ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ವೈದ್ಯರಿಗೆ ಬಿಡೋಣ. ತಿಮಿಂಗಿಲದ ಬಾಯಿಂದ ತೆಗೆದ ಕಡ್ಡಿಗಳನ್ನಿಟ್ಟು ಹೊಲಿದ ಬಿಗಿ ಕುಪ್ಪಸದಿಂದ ಹೀಗಾಯಿತೆಂದು ಕೆಲವರ ವಾದ. ಪಟದಲ್ಲಿ ಯಾರೂ ಮುಖ ಕಿವುಚಿಲ್ಲ; ವಾದ ಬಿದ್ದುಹೋಯಿತು.

ಪೊಲೊನೇಸ್, ಅಂದರೆ ‘ಪೋಲೆಂಡಿನದು’, ಎಂಬ ಉಡುಪಿನಲ್ಲಿ ಹಿಂಬದಿಯ ಲಂಗವನ್ನು ದಾರಗಳಿಂದ ಮೇಲಕ್ಕೆಳೆದು ಮೂರು ಉಬ್ಬುಗಳಾಗಿ ಕಟ್ಟುತ್ತಿದ್ದರು. 1772ರಲ್ಲಿ ಪೋಲೆಂಡಿನ ನೆಲವನ್ನು ಮೂರು ರಾಜ್ಯಗಳು ಹರಿದು ಹಂಚಿಕೊಂಡಿದ್ದವು. ಉಬ್ಬುಗಳೂ ಮೂರು, ರಾಜ್ಯಗಳೂ ಮೂರು. ಇದಕ್ಕಿಂತ ಕಡಿಮೆ ಪುರಾವೆಯ ಮೇಲೆ ಪದವಿ ಪಡೆದವರಿದ್ದಾರೆ.

ಇನ್ನು ಕೇಶ. 1778ರ ಜೂನ್ 17ರಂದು ‘ಬೆಲ್ ಪೂಲ್’ ಎಂಬ ಫ್ರೆಂಚ್ ಯುದ್ಧನೌಕೆ ಇಂಗ್ಲಿಷರ ‘ಅರೆಥೂಸಾ’ದೊಡನೆ ಕಾದಾಡಿತು. ಸುದ್ದಿ ಪ್ಯಾರಿಸ್ ಮುಟ್ಟಿದ್ದೇ ತಡ, ಹಾಯಿ ಹಗ್ಗ ಸಮೇತ ಹಡಗು ಹೆಂಗಸರ ಮುಡಿಯೇರಿತು. ಅಡಿಪಾಯಕ್ಕೆ ತಂತಿಯ ಚೌಕಟ್ಟು, ಕುದುರೆಗೂದಲಿನ ಮೆತ್ತೆ, ಪ್ರಾಣಿಕೊಬ್ಬಿನ ಲೇಪ. ಇಂಥ ಎತ್ತರದ ಮುಡಿಗಳಿಗೆ ಸಾರೋಟಿನ ಸೂರು ಸಾಲದೆ ಹೆಂಗಸರು ಒಳಗೆ ಮಂಡಿಯೂರಿ ಪಯಣಿಸುತ್ತಿದ್ದರೆಂದು ರಾಣಿಯ ಪರಿಚಾರಿಕೆ ಮದಾಂ ಕಾಂಪಾ ಬರೆದಿದ್ದಾಳೆ. ನಾವಿದನ್ನು ದೈವಭಕ್ತಿಯ ಲಕ್ಷಣವೆಂದು ದಾಖಲಿಸಿದ್ದೇವೆ.

ಇಲ್ಲೇ ನಮ್ಮ ನಾಡಿನ ಹಳೆಯ ಪ್ರಶ್ನೆಯೊಂದೂ ಬಗೆಹರಿಯುತ್ತದೆ. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಇಂಗ್ಲಿಷರ ವಿರುದ್ಧ ಸೇನಾನೆರವು ಬೇಡಿದರು. ದೊರೆ ಪಿಂಗಾಣಿ ಕೊಟ್ಟ, ಸೇನೆ ಕೊಡಲಿಲ್ಲ. ಖಜಾನೆ ಬರಿದಾಗಿತ್ತೆಂಬುದು ಇತಿಹಾಸಕಾರರ ಸಮಜಾಯಿಷಿ. ಫ್ರಾನ್ಸಿನ ಹಡಗುಗಳು ಎಲ್ಲಿ ಲಂಗರು ಹಾಕಿದ್ದವೆಂದು ಓದುಗರಿಗೆ ಈಗ ತಿಳಿದಿದೆ.

ಮುಡಿಗೆ ಉದುರಿಸುತ್ತಿದ್ದ ಬಿಳಿಯ ಪುಡಿ ಧಾನ್ಯದ ಹಿಟ್ಟು, ಗಂಜಿಪುಡಿಗಳದ್ದು. 1775ರ ವಸಂತದಲ್ಲಿ ರೊಟ್ಟಿಯ ಬೆಲೆ ಗಗನಕ್ಕೇರಿ ಪ್ಯಾರಿಸ್ ಸುತ್ತಮುತ್ತ ದಂಗೆಗಳೆದ್ದವು. ಅದಕ್ಕೆ ‘ಹಿಟ್ಟಿನ ಯುದ್ಧ’ವೆಂದೇ ಹೆಸರು. ಜನ ಹಿಟ್ಟಿಗಾಗಿ ಉಗ್ರಾಣ, ಗಿರಣಿ, ಅಂಗಡಿಗಳನ್ನು ತಡಕಾಡಿದರು. ತಲೆಯೆತ್ತಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಹಸಿವಿನಲ್ಲಿ ಸಂಶೋಧನಾ ವಿಧಾನ ಕೆಡುತ್ತದೆ ಎನ್ನುವುದು ಇದಕ್ಕೇ.

ಕೊನೆಯದಾಗಿ, ದುಡಿಮೆಯ ಪ್ರಶ್ನೆ. ಹೊಲಿಗೆಯವರು ಮೇಣದಬತ್ತಿಯ ಬೆಳಕಿನಲ್ಲಿ ಕಣ್ಣು ಕಳೆದುಕೊಂಡರು, ಕೂಲಿ ಸಾಲುತ್ತಿರಲಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಸಿದ್ಧ ಉಡುಪನ್ನು ತಲುಪಿಸಲು ಹೊರಟ ಹೊಲಿಗೆಯವಳ ಪಟವೂ ಈ ಮಾಲೆಯಲ್ಲಿದೆ. ಅವಳೂ ಗಿರಾಕಿಯಷ್ಟೇ ಸೊಗಸಾಗಿ ಸಿಂಗರಿಸಿಕೊಂಡಿದ್ದಾಳೆ. ಕೂಲಿ ಧಾರಾಳವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಭೂತಗನ್ನಡಿ ಹಿಡಿದು ಹುಡುಕಿದರೂ ಈ ಪಟಗಳಲ್ಲಿ ಹಸಿದ ಮುಖ, ಹರಿದ ಬಟ್ಟೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಮಾಲೆ ನಿಂತ ಎರಡೇ ವರ್ಷಕ್ಕೆ, 1789ರಲ್ಲಿ, ಕ್ರಾಂತಿಯಾಯಿತು. ಅದಕ್ಕೆ ಯಾವ ಕಾರಣವೂ ಇರಲಿಲ್ಲವೆಂಬುದೇ ನಮ್ಮ ಅಂತಿಮ ತೀರ್ಪು.