ಥೇಮ್ಸ್ ನದಿಯ ತೆಂಕು, ಬಡಗು

ಉತ್ತರ ಲಂಡನ್ನಿನ ನಮ್ಮ ಮನೆಯಲ್ಲಿ ಕೋಳಿ ಸುಕ್ಕ ಮಾಡುವ ಮೊದಲು ಪಂಚಾಂಗ ನೋಡಬೇಕು. ಏಕಾದಶಿ, ಸಂಕಷ್ಟಿಯ ಪಂಚಾಂಗವಲ್ಲ, ಫುಟ್‌ಬಾಲ್ ಪಂದ್ಯಗಳದ್ದು. ಹೆಂಡತಿಯ ತಮ್ಮ ಟಾಟೆನ್‌ಹ್ಯಾಮ್ ಅಭಿಮಾನಿ. ಆ ತಂಡದ ಲಾಂಛನ ಚೆಂಡಿನ ಮೇಲೆ ನಿಂತ ಹುಂಜ. ಹದಿನಾಲ್ಕು ವರ್ಷದ ನನ್ನ ಮಗ ಆರ್ಸೆನಲ್ ಕಡೆಯವನು. ಟಾಟೆನ್‌ಹ್ಯಾಮ್ ಸೋತ ವಾರ ಅವನಿಗೆ ಊಟಕ್ಕೆ ಕೋಳಿಯೇ ಆಗಬೇಕು. ಸೋದರಮಾವ ಆವತ್ತು ಬರೀ ನೀರುದೋಸೆಗೆ ಬೆಲ್ಲ ಕಾಯಿ ಹಾಕಿಕೊಂಡು, ಹೊಟ್ಟೆ ಸರಿಯಿಲ್ಲ ಅನ್ನುತ್ತಾನೆ. 2024-25ರ ಲೀಗಿನಲ್ಲಿ ಈ ಎರಡು ತಂಡಗಳು ಎರಡು ಸಲ ಎದುರಾದವು. ಎರಡು ಸಲವೂ ಆರ್ಸೆನಲ್ ಗೆದ್ದಿತು, ಎರಡು ಸಲವೂ ನಮ್ಮಲ್ಲಿ ಕೋಳಿ ಬೆಂದಿತು.

ಇಂಥ ಮನೆಗೆ 2025ರ ಮೇ ತಿಂಗಳಲ್ಲಿ ಯಡ್ತರೆಯಿಂದ ಅಪ್ಪಯ್ಯ ಬಂದಿಳಿದರು. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಮೊದಲೇ ಹೊರಡಿಸಿದಿರಿ ಎಂದು ವಿಮಾನ ನಿಲ್ದಾಣದಿಂದ ಮನೆವರೆಗೂ ಗೊಣಗಿದರು. ಇವರಿಗೆ ಫುಟ್‌ಬಾಲ್ ಹೇಗಪ್ಪಾ ಅರ್ಥಮಾಡಿಸುವುದು ಎಂಬ ಚಿಂತೆ ನನಗಿತ್ತು. ಅದನ್ನು ಬಾವನೇ ಪರಿಹರಿಸಿದ. ಆರ್ಸೆನಲ್ಲನ್ನು ಹೀಯಾಳಿಸುವ ಹುಮ್ಮಸ್ಸಿನಲ್ಲಿ, "ಮಾವಯ್ಯ, ಇವರು ಇಲ್ಲಿಯವರೇ ಅಲ್ಲ. ಥೇಮ್ಸ್ ನದಿಯ ದಕ್ಷಿಣದ ವುಲಿಚ್‌ನಲ್ಲಿದ್ದವರು. 1913ರಲ್ಲಿ ಗಂಟುಮೂಟೆ ಕಟ್ಟಿಕೊಂಡು ನಮ್ಮ ಪಕ್ಕಕ್ಕೆ ಬಂದು ಕೂತರು" ಅಂದ.

ಅಪ್ಪಯ್ಯ ಚಾದ ಲೋಟ ಕೆಳಗಿಟ್ಟರು. "ಹೊಳೆ ಆಚಿಯವ್ರಾ? ಹಂಗಾರೆ ತೆಂಕುತಿಟ್ಟಿನವ್ರ್ ಅನ್ನಿ!"

ಮುಗಿಯಿತು. ಯಕ್ಷಗಾನದ ತೆಂಕು, ಬಡಗು ಶೈಲಿಗಳಲ್ಲಿ ನಮ್ಮ ಅಪ್ಪಯ್ಯ ಹುಟ್ಟಾ ಬಡಗುತಿಟ್ಟು. ಮೊಮ್ಮಗನ ಮೇಲೆ ಪ್ರೀತಿಯೇನೋ ಇದೆ, ಆದರೆ ತಿಟ್ಟು ಬಿಡಲಿಕ್ಕಾಗುತ್ತದೆಯೇ? ಸಾಲದ್ದಕ್ಕೆ ಎದುರು ಪಕ್ಷದ ಲಾಂಛನ ಅಂಕದ ಹುಂಜದ ಹಾಗೆ ಎದೆ ಸೆಟೆದು ನಿಂತಿದೆ. ಆ ಸಂಜೆಯೇ ಅವರು ಟಾಟೆನ್‌ಹ್ಯಾಮ್ ಆದರು. "ಅಜ್ಜಯ್ಯ, ಅವರು ಲೀಗ್ ಗೆದ್ದದ್ದು 1961ರಲ್ಲಿ, ಆಮೇಲೆ ಗೆದ್ದೇ ಇಲ್ಲ" ಎಂದು ಮಗ ಬೇಡಿಕೊಂಡ. "ಗೆಲ್ಲೂದ್ ಬೇರೆ ಮಗಾ, ತಿಟ್ಟು ಬೇರೆ" ಅಂದರು.

ಅಸಲಿಗೆ ಅವರಿಗೆ ಯಾವುದನ್ನೂ ವಿವರಿಸಬೇಕಾಗಿಯೇ ಇರಲಿಲ್ಲ. ಸಾಲಿಗ್ರಾಮ ಮೇಳವೋ ಪೆರ್ಡೂರು ಮೇಳವೋ ಎಂದು ಮಾತು ಬಿಟ್ಟ ದಾಯಾದಿಗಳನ್ನು ಕಂಡವರು ಅವರು. ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿ ಎರಡು ಮೇಳಗಳು ಪಣ ತೊಟ್ಟು ಕುಣಿಯುವ ಜೋಡಾಟದಲ್ಲಿ, ಜನ ಯಾವ ಕಡೆ ವಾಲುತ್ತಾರೆಂದು ಬೆಳಗಿನ ತನಕ ಲೆಕ್ಕ ಇಟ್ಟವರು. ಟಿವಿಯಲ್ಲಿ ಫುಟ್‌ಬಾಲ್ ನೋಡಿ ಅವರ ತಕರಾರು ಒಂದೇ: "ಎರಡ್ ಮೇಳಕ್ಕೆ ಒಂದೇ ರಂಗಸ್ಥಳ. ಜಿಪುಣ್ರ್."

ಮ್ಯಾನೇಜರ್ ಯಾರೆಂದು ಕೇಳಿದಾಗ ನಾನು, "ಭಾಗವತರಿದ್ದ ಹಾಗೆ. ತಾನು ಕುಣಿಯುವುದಿಲ್ಲ, ಬದಿಯಲ್ಲಿ ನಿಂತು ಎಲ್ಲರನ್ನೂ ಕುಣಿಸುತ್ತಾನೆ" ಎಂದೆ. ಅಲ್ಲಿಂದ ಮುಂದೆ ಟಾಟೆನ್‌ಹ್ಯಾಮ್‌ನ ಆಂಜ್ ಪೊಸ್ಟೆಕೊಗ್ಲು ನಮ್ಮ ಮನೆಯಲ್ಲಿ 'ಗಡ್ಡದ ಭಾಗವತರು' ಆದರು.

ಟಿಕೆಟ್ಟಿನ ಮಾತು ಮಾತ್ರ ಅನಾಹುತವಾಯಿತು. ಡೇರೆ ಮೇಳದ ನೆಲ, ಖುರ್ಚಿ, ಆರಾಮ ಖುರ್ಚಿಯ ದರ ಬಲ್ಲ ಮನುಷ್ಯ. ಒಳ್ಳೆಯ ಪಂದ್ಯಕ್ಕೆ ನೂರು ಪೌಂಡಿನ ಆಸುಪಾಸು ಎಂದು ಮಗ ಬಾಯಿಬಿಟ್ಟ. ಹನ್ನೊಂದು ಸಾವಿರ ರೂಪಾಯಿ! "ಆಟ ಎಷ್ಟ್ ಹೊತ್ತ್?" ತೊಂಬತ್ತು ನಿಮಿಷ. ಅಪ್ಪಯ್ಯ ಬೆರಳು ಮಡಚಿದರು. ನಿಮಿಷಕ್ಕೆ ನೂರಿಪ್ಪತ್ತರ ಮೇಲಾಯಿತು. "ಒಂದ್ ಸಲ ಆಕಳ್ಸಿದ್ರೆ ಹತ್ ರೂಪಾಯಿ ಹೋಯ್ತ್!" ರಾತ್ರಿ ಹತ್ತಕ್ಕೆ ಕೂತು, ನಡುವೆ ಒಂದು ನಿದ್ದೆ ತೆಗೆದು, ಬಣ್ಣದ ವೇಷದ ಅಬ್ಬರಕ್ಕೆ ಎದ್ದು ಕೂರುವ ಪ್ರೇಕ್ಷಕನಿಗೆ ಈ ದರ ಹೇಗೆ ಒಗ್ಗೀತು? ಸೀಸನ್ ಟಿಕೆಟ್ಟಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು ಎಂದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಮಂದಾರ್ತಿಯಲ್ಲಿ ಐದು ಮೇಳಗಳಿದ್ದೂ ಹರಕೆ ಆಟಕ್ಕೆ ಕಾಯುವುದಿಲ್ಲವೇ? "ಅದ್ ದೇವ್ರ ಆಟ. ಇದ್ಕೆ ಯಾರ ಹರಕೆ?" ಎಂಬ ಪ್ರಶ್ನೆಗೆ ಮಗನಲ್ಲಿ ಉತ್ತರವಿರಲಿಲ್ಲ.

ಲಿವರ್‌ಪೂಲಿನ ಕಥೆ ಹೇಳಿ ಸಮಾಧಾನ ಮಾಡಿದೆ. 2016ರಲ್ಲಿ ಆ ಕ್ಲಬ್ಬು 77 ಪೌಂಡಿನ ಟಿಕೆಟ್ ತರುತ್ತೇವೆಂದಾಗ, ಒಂದು ಪಂದ್ಯದ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಅಭಿಮಾನಿಗಳು ಎದ್ದು ಹೊರನಡೆದರು. ಆಗ 2-0 ಮುಂದಿದ್ದ ತಂಡ ಕಡೆಗೆ 2-2 ಮಾಡಿಕೊಂಡಿತು. ನಾಲ್ಕೇ ದಿನಕ್ಕೆ ಮಾಲೀಕರು ದರ ಇಳಿಸಿದರು. ಅಪ್ಪಯ್ಯ ಬಿದ್ದು ಬಿದ್ದು ನಕ್ಕರು. "ನಾವ್ ದುಡ್ಡ್ ಕೊಡ್ದೆ ಡೇರೆ ಪರದೆ ಎತ್ತಿ ಒಳ್ಗ್ ಹೋತಿದ್ದಿತ್. ಇವ್ರ್ ದುಡ್ಡ್ ಕೊಟ್ಟ್ ಹೊರ್ಗ್ ಹೋತ್ರಾ?"

ಅವರ ಕಾಲ್ಗುಣವೋ ಏನೋ, ಮೇ 21ರಂದು ಬಿಲ್ಬಾವೊದಲ್ಲಿ ಟಾಟೆನ್‌ಹ್ಯಾಮ್ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 1-0ರಿಂದ ಸೋಲಿಸಿ ಯೂರೋಪಾ ಲೀಗ್ ಗೆದ್ದೇಬಿಟ್ಟಿತು. ಹದಿನೇಳು ವರ್ಷಗಳ ನಂತರ ಮೊದಲ ಕಪ್ಪು. ಬಾವ ಅತ್ತ. ಅದೇ ತಂಡ ಇಂಗ್ಲೆಂಡಿನ ಲೀಗ್ ಪಟ್ಟಿಯಲ್ಲಿ ಇಪ್ಪತ್ತು ತಂಡಗಳಲ್ಲಿ ಹದಿನೇಳನೆಯದಾಗಿ, ಇನ್ನೊಂದು ಮೆಟ್ಟಿಲು ಜಾರಿದ್ದರೆ ಕೆಳಗಿನ ವಿಭಾಗಕ್ಕೆ ಬೀಳುವ ಸ್ಥಿತಿಯಲ್ಲಿತ್ತು ಎಂಬುದನ್ನು ಅಪ್ಪಯ್ಯನಿಗೆ ಯಾರೂ ಹೇಳಲಿಲ್ಲ. ಮಗ ಹೇಳಲು ಬಾಯಿ ತೆರೆದಾಗ ಹೆಂಡತಿ ಅದಕ್ಕೊಂದು ಕಜ್ಜಾಯ ತುರುಕಿದಳು.

23ರಂದು ಟಾಟೆನ್‌ಹ್ಯಾಮ್ ಬೀದಿಯಲ್ಲಿ ತೆರೆದ ಬಸ್ಸಿನ ಮೆರವಣಿಗೆ. ಮೂರು ದಿನ ಬಿಟ್ಟು ಆರ್ಸೆನಲ್ ಕ್ರೀಡಾಂಗಣದ ಹೊರಗೆ, ಯೂರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ ಅವರ ಮಹಿಳಾ ತಂಡದ ಸಂಭ್ರಮ. ಎರಡಕ್ಕೂ ಅಪ್ಪಯ್ಯ ಹೋದರು. ಎರಡೂ ಪುಕ್ಕಟೆ ಬಯಲಾಟ. ಎರಡನೆಯದರಲ್ಲಿ ಮೊಮ್ಮಗನ ಕೆಂಪು ಶಾಲು ಹೊದ್ದು ನಿಂತಿದ್ದರು. ಬಾವನಿಗೆ ಫೋಟೋ ಕಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಜೂನ್ 6ರಂದು, ಕಪ್ಪು ಗೆದ್ದ ಹದಿನಾರನೇ ದಿನ, ಟಾಟೆನ್‌ಹ್ಯಾಮ್ ಗಡ್ಡದ ಭಾಗವತರನ್ನು ತೆಗೆದುಹಾಕಿತು. ಅಪ್ಪಯ್ಯ ಆ ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ. "ತಾಳ ಕೆಳ್ಗ್ ಇಡೂಕೂ ಬಿಡ್ಲಿಲ್ಲ ಮಾರಾಯ್ರೆ!" ರಾತ್ರಿ ಯಡ್ತರೆಯ ನೆರೆಮನೆಯವರಿಗೆ ಫೋನು ಹಚ್ಚಿದರು. ಮಳೆಗಾಲ ಅಲ್ಲಿಯೂ ಕಲಾವಿದರು ಮೇಳ ಬದಲಿಸುವ ಕಾಲ. ಯಾರು ಯಾವ ಮೇಳಕ್ಕೆ, ಮುಂಗಡ ಎಷ್ಟು ಎಂಬ ಅರ್ಧ ಗಂಟೆಯ ವಿಚಾರಣೆಯ ನಡುವೆ, "ಇಲ್ಲೊಬ್ರ್ ಒಳ್ಳೆ ಭಾಗವತ್ರ್ ಖಾಲಿ ಇದ್ರ್ ಕಾಣಿ" ಎಂದದ್ದು ನನಗೆ ಕೇಳಿಸಿತು.

ಸೆಪ್ಟೆಂಬರ್ 9ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಗಡ್ಡದ ಭಾಗವತರನ್ನು ಕರೆದುಕೊಂಡಿತು. ಅಪ್ಪಯ್ಯನೂ ತಿಟ್ಟು ಬಿಡದೆ ಮೇಳ ಮಾತ್ರ ಬದಲಿಸಿದರು. ನಾಟಿಂಗ್‌ಹ್ಯಾಮ್ ಇನ್ನೂ ಬಡಗಿಗಿದೆಯಂತೆ. ಅಕ್ಟೋಬರ್ 18ರಂದು ಚೆಲ್ಸಿಗೆ 3-0ರಿಂದ ಸೋತ ಕೆಲವೇ ನಿಮಿಷಗಳಲ್ಲಿ ಭಾಗವತರು ಅಲ್ಲಿಂದಲೂ ಹೊರಗೆ. ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದ ಅಪ್ಪಯ್ಯ ಹಗ್ಗ ಕೈಯಲ್ಲೇ ಹಿಡಿದು ಲೆಕ್ಕ ಹಾಕಿದರು.

"ಮೂವತ್ತೊಂಬತ್ ದಿನ. ಒಂದ್ ಮಂಡಲಕ್ಕೂ ಒಂಬತ್ ದಿನ ಕಮ್ಮಿ. ಕಷಾಯ ಕುಡ್ದ್ರೂ ಇದ್ಕಿಂತ ಹೆಚ್ಚ್ ದಿನ ನೋಡ್ತ್ರಪ್ಪ."